ಅತ್ತೆಯ ಎಕ್ಕದ ನೂಲು, ನನ್ನ ರೇಷ್ಮೆ ಲೈನು

ಹೋದ ವಾರ ನಾವು ನಮ್ಮ ಚಿಕ್ಕಪ್ಪನನ್ನು ಗಾಳದ ಕೋಲಿನಿಂದ ಹಿಡಿದೆವು.

ನಗಬೇಡಿ. ಕೋಲು ನಿಜವಾದದ್ದು, ದಾರ ನಿಜವಾದದ್ದು, ಹೊಳೆಯಂತೂ ಸಾಕಪ್ಪಾ ಸಾಕು ಎನ್ನುವಷ್ಟು ನಿಜವಾದದ್ದು. ದಡಕ್ಕೆ ಬಂದದ್ದು ಮಾತ್ರ ಮೀನಲ್ಲ. ಐವತ್ತು ದಾಟಿದ ಒಬ್ಬ ಗಟ್ಟಿಮುಟ್ಟು ರೈತ, ಅವನ ಹೆಗಲ ಮೇಲೊಂದು ಕರು.

ಹೇಗೆ ಎಂದು ಕೇಳುತ್ತೀರಿ. ಹೇಳಬೇಕಾದರೆ ಮೊದಲು ದಾರದ ವಿಷಯ ಹೇಳಬೇಕು. ಒಂದು ಇಡೀ ಅಂಕಣ ದಾರದ ಮೇಲೆಯೇ? ಹೌದು. ಒಂದು ಕಾಲದಲ್ಲಿ ನಾನೂ ಹಾಗೇ ಮೂಗು ಮುರಿಯುತ್ತಿದ್ದೆ.

ಆರು ತಿಂಗಳ ಹಿಂದೆ ನನಗೆ ಒಂದು ಇಂಗ್ಲಿಷ್ ರಾಡ್ ಸಿಕ್ಕಿತು. ಮಲೆಯ ಮೇಲೆ ದೊಡ್ಡ ಅಣೆ ಕಟ್ಟಿ, ಬೆಟ್ಟದ ಹೊಟ್ಟೆ ಕೊರೆದು, ಪಡುವಣ ಕಡಲಿಗೆ ಹೋಗುತ್ತಿದ್ದ ನೀರನ್ನು ನಮ್ಮ ಕಂಬಂ ಕಣಿವೆಗೆ ತಿರುಗಿಸಿದರಲ್ಲ, ಆ ಕೆಲಸಕ್ಕೆ ಬಂದಿದ್ದ ಒಬ್ಬ ಓವರ್‌ಸಿಯರ್ ದೊರೆ ನನ್ನ ಹತ್ತಿರ ತಮಿಳು ಕಲಿಯುತ್ತಿದ್ದ. (ನಾನು ಇಲ್ಲಿ ಸ್ಕೂಲ್ ಮೇಷ್ಟರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷು. ನಿದ್ದೆಯಲ್ಲಿ ಯಾವುದು ಎಂಬುದನ್ನು ನನ್ನ ಹೆಂಡತಿಯನ್ನೇ ಕೇಳಬೇಕು.) ಮಲೆಜ್ವರ ಅವನನ್ನು ಹಿಂಡಿ ಹಿಪ್ಪೆ ಮಾಡಿತ್ತು. ತನ್ನ ದೇಶಕ್ಕೆ ಹೊರಟಾಗ ಆ ರಾಡನ್ನು ನನ್ನ ಕೈಗಿಟ್ಟು, "ನಿನ್ನ ವಿದ್ಯೆ ನನಗೆ ಹತ್ತಲಿಲ್ಲ. ನನ್ನ ವಿದ್ಯೆ ನಿನಗಾದರೂ ಹತ್ತಲಿ" ಎಂದ. ಒಂದು ಸಂಜೆ ಕೊಯ್ದ ಗದ್ದೆಯಲ್ಲಿ ನಿಂತು ಬೀಸುವುದನ್ನು ಕಲಿಸಿಕೊಟ್ಟ. ಮಾರನೆಯ ದಿನ ಹೊರಟುಹೋದ.

ನೋಡಿರದವರಿಗೆ ಹೇಳುತ್ತೇನೆ. ಸೀಳಿದ ಬಿದಿರಿನ ಪಟ್ಟಿಗಳನ್ನು ಅಂಟಿಸಿ ಮಾಡಿದ, ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚು ಉದ್ದದ ಕೋಲು. ಹಿಡಿಯ ಮೇಲೆ ಹಿತ್ತಾಳೆಯ ರೀಲು, ಎಂದರೆ ದಾರ ಸುತ್ತಿಡುವ ಪುಟ್ಟ ರಾಟೆ. ಕೋಲಿನ ಉದ್ದಕ್ಕೂ ಸಣ್ಣ ಸಣ್ಣ ಉಂಗುರಗಳು. ದಾರ ಅವುಗಳ ಒಳಗಿಂದ ತೂರಿ ಹೋಗಬೇಕು. ತುದಿಗೆ ಸೀಸದ ಗುಂಡನ್ನೋ ಮೀನಿನ ಹಾಗೆ ಹೊಳೆಯುವ ಸ್ಪೂನ್ ಎಂಬ ತಗಡಿನ ತುಂಡನ್ನೋ ಕಟ್ಟಿ ಬೀಸಿದರೆ, ಅದು ತನ್ನ ತೂಕಕ್ಕೆ ತಾನೇ ದಾರವನ್ನು ಎಳೆದುಕೊಂಡು ಹಾರುತ್ತದೆ. ಹಾರುವಷ್ಟು ಹೊತ್ತೂ ರೀಲು ಬುಗುರಿಯಂತೆ ತಿರುಗುತ್ತದೆ. ಅದರ ಮೇಲೆ ಹೆಬ್ಬೆರಳು ಇಟ್ಟಿರಬೇಕು. ಹೆಚ್ಚು ಒತ್ತಿದರೆ ಗುಂಡು ಕಾಲ ಬುಡದಲ್ಲೇ ಬೀಳುತ್ತದೆ. ಒತ್ತದೇ ಬಿಟ್ಟರೆ, ಗುಂಡು ನಿಂತರೂ ರೀಲು ನಿಲ್ಲುವುದಿಲ್ಲ. ದಾರವೆಲ್ಲ ಗೋಜಲು. ದೊರೆ ಅದನ್ನು ಹಕ್ಕಿಗೂಡು ಎನ್ನುತ್ತಿದ್ದ. ಮೊದಲ ತಿಂಗಳಲ್ಲಿ ನಾನು ಕಟ್ಟಿದ ಗೂಡುಗಳಲ್ಲಿ ಈ ಕಣಿವೆಯ ಗುಬ್ಬಚ್ಚಿಗಳೆಲ್ಲ ಸಂಸಾರ ಹೂಡಬಹುದಿತ್ತು.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ರೀಲಿನಲ್ಲಿದ್ದ ಸೀಮೆ ರೇಷ್ಮೆಯ ಲೈನು ಎರಡು ಮಳೆಗಾಲ ಮಲೆಯ ಮೇಲೆ ಕೂತು ಬೂಷ್ಟು ಹಿಡಿದಿತ್ತು. ಬೆರಳಲ್ಲಿ ಹಿಡಿದು ಜಗ್ಗಿದರೆ ಹಳೆಯ ಜನಿವಾರದಂತೆ ಕಿತ್ತು ಬಂತು.

ಸರಿ, ದಾರ ಹಾಕಿಸಬೇಕು. ಯಾವ ದಾರ?

ಮೊದಲು ಸಂತೆಯ ಹತ್ತಿ ನೂಲು ಸುತ್ತಿದೆ. ಒಣಗಿದ್ದಾಗ ಬಂಗಾರ. ನೀರು ಕುಡಿದ ಮೇಲೆ ಹಬ್ಬದೂಟ ಮುಗಿಸಿದ ಬೀಗರ ಹಾಗೆ ಉಬ್ಬಿ, ಉಂಗುರದೊಳಗೆ ನುಸುಳಲಾರೆ ಎಂದು ಕೂತುಬಿಟ್ಟಿತು. ಆಮೇಲೆ ಸೆಣಬಿನ ದಾರ. ಅದಕ್ಕೆ ಮೈತುಂಬ ಮೀಸೆ. ಒಂದೊಂದು ಉಂಗುರಕ್ಕೂ ತಡೆದು ತಡೆದು ಹೋಗುವುದು, ಹೋಗುವಾಗ ನನ್ನ ಹೆಬ್ಬೆರಳಿನ ಚರ್ಮವನ್ನೂ ಒಯ್ಯುವುದು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಪಾಠ ಮಾಡಿದೆ.

ಇದನ್ನೆಲ್ಲ ಕೆರೆಯ ಏರಿಯ ಮೇಲೆ ಕೂತು ನೋಡುತ್ತಿದ್ದವಳು ನಾಗಮ್ಮತ್ತೆ.

ವಾರವಾರ ಓದುವ ನಿಮಗೆ ಅವಳು ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ನನ್ನ ಅಪ್ಪನ ಅಕ್ಕ. ವಯಸ್ಸು ಅರವತ್ತೆರಡು ಎಂದು ನಾವು ಹೇಳುತ್ತೇವೆ, ಅವಳು ಒಪ್ಪುವುದಿಲ್ಲ. ನಮ್ಮೂರ ಕೆರೆಯಲ್ಲೂ ಹೊಳೆಯಲ್ಲೂ ಅವಳಷ್ಟು ಮೀನು ಹಿಡಿದ ಗಂಡಸು ಇನ್ನೂ ಹುಟ್ಟಿಲ್ಲ. ಅವಳ ಸಾಮಾನು ಇಷ್ಟೇ: ಒಂದು ಬಿದಿರು ಗಳ, ಒಂದು ಕೊಕ್ಕೆ, ತಾನೇ ಹೊಸೆದ ಎಕ್ಕದ ನೂಲು. (ಅವಳ ಮಾತಿನಲ್ಲಿ ಹಕಾರ ಹುಡುಕಬೇಡಿ. ಎಷ್ಟೋ ತಲೆಮಾರಿನ ಹಿಂದೆ ನಮ್ಮ ಹಿರಿಯರು ಕಾವೇರಿ ದಾಟಿ ಈ ಕಡೆ ಬಂದಾಗ ಅದನ್ನು ನೀರಿನಲ್ಲಿ ಬಿಟ್ಟು, ದಡದಲ್ಲಿ ಸಿಕ್ಕಿದ ತಮಿಳನ್ನು ಎತ್ತಿಕೊಂಡರು.)

"ಏನ್ ತಂಬಿ, ಇದು ತೂಂಡಿಲಾ, ನೂಲ್ ಸುತ್ತೋ ರಾಟೆಯಾ?" ಎಂದಳು ಅತ್ತೆ. ತೂಂಡಿಲು ಎಂದರೆ ಗಾಳ. ತಂಬಿ ಎಂದರೆ ತಮ್ಮ; ತನಗಿಂತ ಕಿರಿಯ ಗಂಡಸರೆಲ್ಲ ಅವಳಿಗೆ ತಂಬಿಗಳೇ.

"ಗಾಳವೇ ಅತ್ತೆ. ದೂರಕ್ಕೆ ಹೋಗುತ್ತೆ."

"ಮೀನು ತಾನಾಗೇ ಅತ್ರ ಬತ್ತದೆ. ಅದರ ಮೂಗಿನ್ ಮೇಲೆ ಗುಂಡ್ ಎಸುದ್ರೆ ಓಡ್ದೆ ಏನ್ ಮಾಡ್ತದೆ?"

ಆದರೂ ಬೇಡಿಕೊಂಡೆ, ನಿನ್ನ ಎಕ್ಕದ ನೂಲನ್ನೇ ಕೊಡು ಎಂದು.

ಎಕ್ಕದ ನೂಲು ತೆಗೆಯುವುದನ್ನು ನೋಡಬೇಕು ನೀವು. ಬೇಲಿಯ ಎಕ್ಕದ ಕಡ್ಡಿ ಕೊಯ್ದು, ಎರಡು ದಿನ ಬಿಸಿಲಲ್ಲಿ ಬಾಡಿಸಿ, ಸಿಪ್ಪೆ ಸುಲಿದು, ಒಳಗಿನ ಬೆಳ್ಳನೆಯ ನಾರನ್ನು ಉಗುರಿನಲ್ಲಿ ಎಳೆಎಳೆಯಾಗಿ ಬಿಡಿಸಬೇಕು. ಆಮೇಲೆ ತೊಡೆಗೆ ಬೂದಿ ಸವರಿಕೊಂಡು ಹೊಸೆಯಬೇಕು. ಹೊಸೆದದ್ದನ್ನು ಆವರಿಕೆ ತೊಗಟೆಯ ಕಷಾಯದಲ್ಲಿ ಅದ್ದಬೇಕು. ನೀರಿನಲ್ಲಿ ನೆನೆದಷ್ಟೂ ಅದು ಗಟ್ಟಿ. ಕೊಳೆಯುವ ಮಾತೇ ಇಲ್ಲ. ಆದರೆ ಕೈಯಿಂದ ಹೊಸೆದ ನೂಲು ಎಷ್ಟು ನುಣುಪಾದರೂ ಎಷ್ಟು ನುಣುಪು? ರೀಲಿನಲ್ಲಿ ಸುತ್ತಿ ಬೀಸಿದರೆ ಹತ್ತು ಮಾರು ಹಾರಿ ಸುಸ್ತಾಗಿ ಬೀಳುತ್ತಿತ್ತು.

"ಅದು ಎಳ್ಯಾಕ್ ಮಾಡಿದ್ದು, ಆರ್ಸಾಕಲ್ಲ," ಎಂದು ಅತ್ತೆ ತನ್ನ ನೂಲನ್ನು ವಾಪಸ್ಸು ಸುತ್ತಿಕೊಂಡಳು. ನೂಲಿನ ಮಾನ ಹೋಯಿತೆಂದು ಅವಳಿಗೆ ನನ್ನ ಮೇಲೆ ಸ್ವಲ್ಪ ಕೋಪ.

ಅಷ್ಟರಲ್ಲಿ ಸ್ಕೂಲಿನ ಕೆಲಸಕ್ಕೆ ಡಿಂಡಿಗಲ್ಲಿಗೆ ಹೋಗಬೇಕಾಗಿ ಬಂತು. ಥೇಣಿ, ಬತ್ತಲಗುಂಡು ದಾಟಿಕೊಂಡು ಎತ್ತಿನ ಗಾಡಿಯಲ್ಲಿ ಕುಲುಕಿ ಕುಲುಕಿ ಸೇರುವ ಹೊತ್ತಿಗೆ ನನ್ನ ಬೆನ್ನುಮೂಳೆಗೂ ಹಕ್ಕಿಗೂಡು ಬಿದ್ದಿತ್ತು. ಕೆಲಸ ಮುಗಿಸಿ ಪಟ್ಟುನೂಲಿನವರ ಬೀದಿಗೆ ಹೋದೆ. ಪಟ್ಟು ಎಂದರೆ ರೇಷ್ಮೆ. ಒಂದು ಜಗಲಿಯ ಮೇಲೆ ಕನ್ನಡಕದ ಮುದುಕರೊಬ್ಬರು ರೇಷ್ಮೆ ಹುರಿ ಹಾಕುತ್ತಿದ್ದರು. ಮನೆಯೊಳಗೆ ಅವರದೂ ಒಂದು ಬೇರೆ ಭಾಷೆ, ಬೀದಿಯಲ್ಲಿ ತಮಿಳು. ನನ್ನಂಥವರೇ. ಎರಡು ಮಾತಿನಲ್ಲಿ ಸ್ನೇಹವಾಯಿತು.

"ಅರವತ್ತು ಮಾರು ಉದ್ದ ಒಂದೇ ಎಳೆ ಬೇಕು, ಗಂಟು ಇರಬಾರದು" ಎಂದೆ.

"ಏನು ಕಟ್ಟಲು?" ಎಂದು ಕೇಳಿದರು.

ಸೀರೆ ನೇಯುವವರ ಮುಂದೆ ಮೀನು ಎನ್ನಲು ಬಾಯಿ ಬರಲಿಲ್ಲ. "ಗಾಳಿಪಟ" ಎಂದುಬಿಟ್ಟೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನೆರೆತ ಮೀಸೆ, ಹೆಬ್ಬೆರಳಿಗೆ ಬಟ್ಟೆ, ಅಂಗಿಯ ತೋಳಿನಲ್ಲಿ ಸಿಕ್ಕಿಕೊಂಡ ಒಂದು ಕೊಕ್ಕೆ. "ನಿಮ್ಮ ಗಾಳಿಪಟ ನೀರಿನೊಳಗೆ ಹಾರುವಂಥದ್ದೋ?" ಎಂದರು. ಇಬ್ಬರೂ ನಕ್ಕೆವು.

ಆ ಮುದುಕರಿಂದ ಕಲಿತದ್ದನ್ನು ನನಗೆ ಯಾವ ಇಂಗ್ಲಿಷ್ ಪುಸ್ತಕವೂ ಕಲಿಸಿರಲಿಲ್ಲ. ಒಂದೊಂದು ಎಳೆಯನ್ನೂ ಬಲಕ್ಕೆ ತಿರುವಿ, ಮೂರನ್ನೂ ಸೇರಿಸಿ ಎಡಕ್ಕೆ ತಿರುವಬೇಕು. ಆಗ ಒಂದರ ಮುನಿಸನ್ನು ಇನ್ನೊಂದು ತಡೆಯುತ್ತದೆ, ದಾರ ತನ್ನಷ್ಟಕ್ಕೆ ಸುರುಳಿ ಬೀಳುವುದಿಲ್ಲ. ಜೇನುಮೇಣವನ್ನು ಎಳ್ಳೆಣ್ಣೆಯಲ್ಲಿ ಕರಗಿಸಿ ಸವರಿದರೆ ನೀರು ಕುಡಿಯುವುದಿಲ್ಲ. ಕೆಲಸವಾದ ಮೇಲೆ ನೆರಳಲ್ಲಿ ಬಿಚ್ಚಿ ಒಣಗಿಸಬೇಕು. "ಸೀರೆಯನ್ನು ಒದ್ದೆ ಮಡಿಚಿ ಇಡುತ್ತೀರಾ? ಇದೂ ಹಾಗೇ" ಎಂದರು. ದೊರೆಯ ಲೈನು ಯಾಕೆ ಸತ್ತಿತೆಂದು ಆಗ ತಿಳಿಯಿತು.

ಊರಿಗೆ ಬಂದು ರೇಷ್ಮೆಯನ್ನು ರೀಲಿಗೆ ಸುತ್ತಿ ಬೀಸಿದೆ. ಏನು ಹೇಳಲಿ! ಉಂಗುರಗಳ ಒಳಗೆ ಅದು ಹೋದದ್ದೇ ಕೇಳಿಸಲಿಲ್ಲ. ಇಪ್ಪತ್ತೈದು ಮಾರು ಆಚೆ ಗುಂಡು ‘ಚುಳುಕ್’ ಎಂದಾಗಲೇ ಗೊತ್ತಾದದ್ದು.

ಅತ್ತೆ ಒಮ್ಮೆ ಮುಟ್ಟಿ ನೋಡಿದಳು. "ಪಟ್ಟಾ? ಮೀನ್ಗೇನ್ ಕಲ್ಯಾಣವಾ?" ಎಂದಳು. ಕಣ್ಣು ಮಾತ್ರ ದಾರದ ಮೇಲೆಯೇ ಇತ್ತು.

ಮೂರನೆಯ ದಿನ ಒಂದು ವರಾಲ್ ಮೀನು ಸ್ಪೂನ್ ಕಚ್ಚಿತು. (ಮೈಸೂರು ಕಡೆ ಕೊರವ ಎಂದೇನೋ ಅನ್ನುತ್ತೀರಂತೆ. ಹಾವಿನ ತಲೆ, ಕಳ್ಳನ ಬುದ್ಧಿ.) ಎಳೆಯುವಷ್ಟರಲ್ಲಿ ಕೆರೆಯೊಳಗಿನ ಮುಳುಗಿದ ಮರದ ಬುಡಕ್ಕೆ ನುಗ್ಗಿತು. ರೇಷ್ಮೆ ಮರಕ್ಕೆ ಉಜ್ಜಿತು. ಎರಡು ಉಸಿರಿನ ಹೊತ್ತು. ಕೋಲು ನೆಟ್ಟಗಾಯಿತು. ಸ್ಪೂನೂ ಇಲ್ಲ, ಮೀನೂ ಇಲ್ಲ, ಅರ್ಧ ಮಾರು ರೇಷ್ಮೆಯೂ ಇಲ್ಲ.

ಅತ್ತೆ ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅವತ್ತು ನಗಲಿಲ್ಲ. "ಪಟ್ಟು ಓಡಾಕೆ, ಎಕ್ಕ ಓರಾಡಾಕೆ," ಎಂದಳು. "ಓಡೋನ್ನ ಜಗಳಕ್ ಕಳ್ಸಿದ್ರೆ ಏನಾಯ್ತದೆ ತಂಬಿ?"

ಆಮೇಲೆ ತಾನೇ ಕೂತು, ರೇಷ್ಮೆಯ ತುದಿಗೆ ಎರಡು ಮಾರು ಎಕ್ಕದ ನೂಲು ಸೇರಿಸಿಕೊಟ್ಟಳು. ಗಂಟು ಹಾಕಲಿಲ್ಲ. ಎರಡರ ತುದಿಯನ್ನೂ ಸಿಗಿದು, ಬೆರಳುದ್ದ ಒಟ್ಟಿಗೆ ಮಲಗಿಸಿ, ಮೇಲೆ ಸಣ್ಣ ನೂಲು ಸುತ್ತಿ, ಮೇಣ ತಿಕ್ಕಿದಳು. ಉಂಗುರದೊಳಗೆ ನೀರಿನಂತೆ ಹರಿಯಿತು. ಮಾರನೆಯ ವಾರ ಬೇರೊಂದು ವರಾಲ್ ಅದೇ ಮರದ ಬುಡಕ್ಕೆ ನುಗ್ಗಿತು. ಈ ಸಲ ಅದು ನಮ್ಮ ಸಾರಿಗೆ ಬಂತು.

ಇಷ್ಟೆಲ್ಲ ನಡೆಯುತ್ತಿದ್ದಾಗ ದಿನಾ ಎರಡು ಸಲ ನಮ್ಮ ಮುಂದೆ ಹಾದುಹೋಗುತ್ತಿದ್ದವನು ಬೊಮ್ಮಯ್ಯ ಚಿಕ್ಕಪ್ಪ, ನನ್ನ ಅಪ್ಪನ ಕಡೆಯ ತಮ್ಮ. ಅವನ ಹೊಲ ಹೊಳೆಯ ಆಚೆ ದಡದಲ್ಲಿ. ಬೆಳಿಗ್ಗೆ ಕಾಲುದಾರಿಯಲ್ಲಿ ಹೊಳೆ ದಾಟಿ ಹೋಗುವುದು, ಸಂಜೆ ದಾಟಿ ಬರುವುದು. ಕೆಲಸವೊಂದೇ ದೇವರು. ನಮ್ಮಿಬ್ಬರನ್ನು ಕಂಡರೆ ಅವನಿಗೆ ಹೊಟ್ಟೆ ಉರಿಯುತ್ತಿತ್ತು.

"ಕೂತ್ ಮೀನ್ ಇಡಿಯೋ ಕೈಗೆ ಏರ್ ಇಡಿಯಾಕ್ ಏನ್ ಬೇನೆ?" ಎನ್ನುತ್ತಿದ್ದ. ಏರು ಎಂದರೆ ನೇಗಿಲು. "ಒಬ್ಬೋಳ್ ಮುದ್ಕಿ, ಒಬ್ಬ ವಾದ್ಯಾರು. ಇಬ್ರೂ ಸೇರಿ ನೂಲ್ ಮೂಸ್ತಾ ಕೂತವ್ರೆ."

ಮೇಷ್ಟರಿಗೆ ನಮ್ಮಲ್ಲಿ ವಾದ್ಯಾರು ಎನ್ನುತ್ತಾರೆ. ಚಿಕ್ಕಪ್ಪ ಅಂದರೆ ಅದು ಬೈಗುಳದ ಹಾಗೆ ಕೇಳಿಸುತ್ತದೆ.

ಈಗ ಹೋದ ಶನಿವಾರಕ್ಕೆ ಬರುತ್ತೇನೆ.

ಸ್ಕೂಲು ಮಧ್ಯಾಹ್ನಕ್ಕೆ ಮುಗಿದಿತ್ತು. ನಾನೂ ಅತ್ತೆಯೂ ಹೊಳೆದಡದ ಮತ್ತಿ ಮರದ ಕೆಳಗಿದ್ದೆವು. ನಾನು ಬೀಸುತ್ತಿದ್ದೆ. ಅವಳು ಬಲೆಯ ಅಂಚಿಗೆಂದು ಕಿರುಬೆರಳು ದಪ್ಪದ ಎಕ್ಕದ ಹುರಿ ಹೊಸೆಯುತ್ತಿದ್ದಳು. ಒಂದು ತಿಂಗಳ ಕೆಲಸ. ಅವಳ ಪಕ್ಕದಲ್ಲಿ ಅದು ದೊಡ್ಡ ಸಿಂಬಿಯಾಗಿ ಬಿದ್ದಿತ್ತು. ನಮ್ಮ ತಲೆಯ ಮೇಲೆ ಬಿಸಿಲು. ಪಡುವಣ ಮಲೆಯ ಮೇಲೆ ಮಾತ್ರ ಕಾಡಿಗೆಯಂಥ ಮೋಡ.

ನಾಲ್ಕು ಗಂಟೆ ಇರಬಹುದು. ಆಚೆ ದಡದಿಂದ ಚಿಕ್ಕಪ್ಪ ಹೊಳೆಗೆ ಇಳಿದ. ಮುಂದೆ ಅವನ ಹಸು. ಬೆಳಿಗ್ಗೆಯಷ್ಟೇ ಹೊಲದಲ್ಲಿ ಈದಿತ್ತು. ಕರುವನ್ನು ಕುರುಬರು ಕುರಿಮರಿ ಹೊರುವ ಹಾಗೆ ಹೆಗಲ ಮೇಲೆ ಹೊತ್ತಿದ್ದ. ನೀರು ಮೊಣಕಾಲಿಗೆ ಇತ್ತು.

ನಡುಹೊಳೆಗೆ ಬರುವಷ್ಟರಲ್ಲಿ ನೀರಿನ ಬಣ್ಣ ತಿರುಗಿತು. ಮೊದಲು ನೊರೆ. ಆಮೇಲೆ ತರಗು, ಕಡ್ಡಿ, ಬೇರುಸಮೇತ ಒಂದು ಗಿಡ. ಮಲೆಯಲ್ಲಿ ಸುರಿದದ್ದು ನಮ್ಮ ಬಿಸಿಲಿಗೆ ಹೇಗೆ ತಿಳಿಯಬೇಕು? ಹಸು ಈಜಿ ಈ ದಡ ಹತ್ತಿ ತಿರುಗಿ ನಿಂತು ಅಂಬಾ ಎಂದಿತು. ಚಿಕ್ಕಪ್ಪ ಸೊಂಟದ ನೀರಿನಲ್ಲಿ ತೂರಾಡಿ, ಹೇಗೋ ಎಮ್ಮೆಬಂಡೆ ಹತ್ತಿದ. ನಡುಹೊಳೆಯಲ್ಲಿ ಮಲಗಿದ ಎಮ್ಮೆಯ ಬೆನ್ನಿನ ಹಾಗಿರುವ ಬಂಡೆ ಅದು. ನಮಗೂ ಅವನಿಗೂ ನಡುವೆ ಇಪ್ಪತ್ತು ಮಾರು ಕೆಂಪು ನೀರು.

ನನ್ನ ಕೂಗಿಗೆ ಜನ ಓಡಿ ಬಂದರು. ಹತ್ತಿರದ ಬಾವಿಯಿಂದ ಕಪಿಲೆಯ ಹಗ್ಗ ಬಿಚ್ಚಿ ತಂದರು, ಎತ್ತುಗಳು ನೀರೆಳೆಯುವ ಹಗ್ಗ. ಗಟ್ಟಿಗರಿಬ್ಬರು ಅದರ ತುದಿಗೆ ಕಲ್ಲು ಕಟ್ಟಿ ಬೀಸಿದರು. ಅರ್ಧಕ್ಕೇ ಬಿತ್ತು. ಎಳೆದು ಮತ್ತೆ ಬೀಸಿದರು. ನೆನೆದ ಹಗ್ಗ ಕಾಲು ಭಾಗಕ್ಕೇ ಬಿತ್ತು. ಒಬ್ಬ ಹರಿಗೋಲು ತರಲು ಕೆಳಗಿನೂರಿಗೆ ಓಡಿದ. ಅವನು ಬರುವುದು ಯಾವಾಗ? ಬಂಡೆಯ ಬೆನ್ನು ಮುಳುಗಿ, ಚಿಕ್ಕಪ್ಪನ ಪಾದ ಕಾಣುತ್ತಿರಲಿಲ್ಲ.

ಅತ್ತೆ ನೀರಿನ ಅಂಚಿಗೇ ಇಳಿದು ನಿಂತಿದ್ದಳು. ನನ್ನ ಅಜ್ಜಿ ಸತ್ತಾಗ ಚಿಕ್ಕಪ್ಪ ಎರಡು ವರ್ಷದ ಕೂಸು. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಅವನ ಹಲ್ಲು ಬಂದದ್ದು, ಮಾತು ಬಂದದ್ದು, ಮೀಸೆ ಬಂದದ್ದು ಎಲ್ಲ ಅವಳ ಕಣ್ಣ ಮುಂದೆ.

ಆಮೇಲೆ ನನ್ನ ಕೈಯಲ್ಲಿದ್ದ ರಾಡಿನ ಕಡೆ ನೋಡಿದಳು.

"ಬೀಸು," ಎಂದಳು.

ನಾನು ಪೆದ್ದನಂತೆ ಅವಳನ್ನೇ ನೋಡಿದೆ. ಅವಳಾಗಲೇ ಕೊಕ್ಕೆ ಕಟ್ಟಿದ್ದ ನೂಲನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿ, ಸೀಸದ ಗುಂಡನ್ನಷ್ಟೇ ಉಳಿಸಿದ್ದಳು. "ಬೀಸು ತಂಬಿ. ಕೊಕ್ಕೆ ಬೇಡ, ಅವನ್ಗ್ ಚುಚ್ತದೆ."

ಬೀಸಿದೆ. ಹೆಬ್ಬೆರಳು ಎಲ್ಲಿತ್ತೋ ದೇವರಿಗೇ ಗೊತ್ತು. ಗುಂಡು ಹತ್ತು ಮಾರಿಗೆ ಬಿತ್ತು, ರೀಲಿನ ಮೇಲೆ ಎಂದೂ ಕಾಣದಂಥ ಹಕ್ಕಿಗೂಡು ಎದ್ದು ನಿಂತಿತು. ನಾನು ಸಿಟ್ಟಿನಿಂದ ಜಗ್ಗಲು ಹೋದೆ.

ಅತ್ತೆ ನನ್ನ ಕೈ ಹಿಡಿದಳು. "ಎಳೀಬೇಡ. ಎಳುದ್ರೆ ಗಂಟಾಯ್ತದೆ. ಸಡ್ಲ ಬಿಡು."

ಆ ಹೆಂಗಸು, ತಮ್ಮ ನೀರಿನಲ್ಲಿ ನಿಂತಿರುವಾಗ, ಜನ ಕೂಗುತ್ತಿರುವಾಗ, ಹಸು ಅರಚುತ್ತಿರುವಾಗ, ಮೊಮ್ಮಗಳ ಕೂದಲಿನ ಸಿಕ್ಕು ಬಿಡಿಸುವ ಹಾಗೆ ಆ ಗೋಜಲನ್ನು ಎಳೆಎಳೆಯಾಗಿ ಬಿಡಿಸಿದಳು. ಒಂದು ಸಲವೂ ತಲೆಯೆತ್ತಿ ಹೊಳೆ ನೋಡಲಿಲ್ಲ. ನಾನು ನೋಡುತ್ತಿದ್ದೆ. ನೀರು ಅವನ ಮೀನಖಂಡಕ್ಕೆ ಬಂದಿತ್ತು.

ಎರಡನೆಯ ಸಲ ಗುಂಡು ಬೇಕಾದಷ್ಟು ದೂರ ಹೋಯಿತು. ಆದರೆ ಗಾಳಿ ಅದನ್ನು ಕೆಳಕ್ಕೆ ತಳ್ಳಿತು. ಬಂಡೆಗೆ ಮೂರು ಮಾರು ಕೆಳಗೆ ಬಿದ್ದು ಕೊಚ್ಚಿಹೋಯಿತು. ಸುತ್ತಿಕೊಂಡೆ. ಆ ಸುತ್ತುವ ಹೊತ್ತಿನಷ್ಟು ಉದ್ದವಾದದ್ದು ನನ್ನ ಜನ್ಮದಲ್ಲಿ ಬೇರೊಂದಿಲ್ಲ.

ಮೂರನೆಯ ಸಲ ಬಂಡೆಯ ಮೇಲುಗಡೆಗೆ, ಹರಿವಿನ ಎದುರಿಗೆ ಗುರಿಯಿಟ್ಟೆ. ದೊರೆ ಹೇಳಿದ್ದೆಲ್ಲ ಮರೆತುಹೋಗಿತ್ತು. ಬೆರಳಿಗೆ ಮಾತ್ರ ನೆನಪಿತ್ತು. ಗುಂಡು ಹಾರಿತು. ರೇಷ್ಮೆ ಬಿಸಿಲಿನಲ್ಲಿ ಒಮ್ಮೆ ಮಿಂಚಿ, ಚಿಕ್ಕಪ್ಪನ ತಲೆಯನ್ನು ದಾಟಿ, ಕರುವಿನ ಬೆನ್ನಿನ ಮೇಲೆ ಮಲಗಿತು. ಅವನು ಹಿಡಿದುಕೊಂಡ.

ದಡದ ಮೇಲೆ ಗದ್ದಲವೋ ಗದ್ದಲ. ನಾನು ಆ ಖುಷಿಯಲ್ಲಿ ರೀಲಿನಿಂದ ರೇಷ್ಮೆ ಬಿಚ್ಚಿ ಕಪಿಲೆಯ ಹಗ್ಗಕ್ಕೇ ಕಟ್ಟಲು ಹೊರಟೆ. ಅತ್ತೆ ನನ್ನ ಕೈಗೆ ರಪ್ಪನೆ ಹೊಡೆದಳು.

"ಆ ನೂಲ್ ಈ ಅಗ್ಗಾನ ಎಳೆದಾತಾ? ಒಳೆ ಅಗ್ಗಾನ ಇಡ್ಕಂಡು ಒಂದ್ ಜಗ್ಗು ಜಗ್ಗುದ್ರೆ ಪಟಾರ್!"

ತನ್ನ ಒಂದು ತಿಂಗಳ ಎಕ್ಕದ ಹುರಿಯ ಸಿಂಬಿಯನ್ನು ಬಿಚ್ಚಿದಳು. ರೇಷ್ಮೆಯ ತುದಿಗೆ ಎಕ್ಕದ ಹುರಿ. ಎಕ್ಕದ ಹುರಿಯ ಇನ್ನೊಂದು ತುದಿಗೆ ಕಪಿಲೆಯ ಹಗ್ಗ. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂಗಿದಳು.

"ತಂಬೀ! ಮೆಲ್ಲ ಎಳಿ! ಕೂಸ್ಗೆ ಆಲ್ ಕುಡ್ಸೋ ಅಂಗೆ, ಮೆಲ್ಲ!"

ಚಿಕ್ಕಪ್ಪ ಜನ್ಮದಲ್ಲಿ ಯಾವುದನ್ನೂ ಮೆಲ್ಲಗೆ ಎಳೆದವನಲ್ಲ. ಎತ್ತಿನ ಮೂಗುದಾರವಾಗಲಿ, ಮಾತಾಗಲಿ, ಎಲ್ಲ ಒಂದೇ ಜಗ್ಗು. ಅವತ್ತು ಎಳೆದ. ಒಂದು ಗೇಣು, ನಿಲ್ಲುವುದು. ಮತ್ತೊಂದು ಗೇಣು, ನಿಲ್ಲುವುದು. ನೀರು ರೇಷ್ಮೆಯನ್ನು ಬಿಲ್ಲಿನಂತೆ ಬಗ್ಗಿಸಿದಾಗ ಸಡಿಲಿಸುತ್ತಿದ್ದ, ನೀರು ಸುಮ್ಮನಾದಾಗ ಎಳೆಯುತ್ತಿದ್ದ. ವರಾಲ್ ಮೀನಿಗೆ ನಾವು ಮಾಡುವುದೂ ಅದನ್ನೇ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಹೋಗುತ್ತಾ ಬರುತ್ತಾ ಬೈಯುತ್ತಲೇ ನೋಡಿಕೊಂಡಿದ್ದನೋ ಏನೋ.

ಎಕ್ಕದ ಹುರಿ ಅವನ ಕೈ ಸೇರಿತು. ಆಗ ನಾವೆಲ್ಲ ಒಟ್ಟಿಗೆ ಉಸಿರು ಬಿಟ್ಟೆವು. ಎಕ್ಕ ಸೇರಿದ ಮೇಲೆ ಹಗ್ಗ ಸೇರುವುದು ತಡವಾಗಲಿಲ್ಲ. ನೀರು ಎಷ್ಟು ಜಗ್ಗಿದರೂ ಆ ಹುರಿ ಜಪ್ಪಯ್ಯ ಎನ್ನಲಿಲ್ಲ.

ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡ. ಆಮೇಲೆ ತಲೆಯ ರುಮಾಲು ಬಿಚ್ಚಿ ಕರುವಿನ ನಾಲ್ಕೂ ಕಾಲನ್ನು ತನ್ನ ಎದೆಯ ಮುಂದೆ ಸೇರಿಸಿ ಕಟ್ಟತೊಡಗಿದ.

"ಕರು ಬಿಡು!" ಅತ್ತೆ ಕಿರುಚಿದಳು. "ಬಿಡೋ ತಂಬಿ, ಅದನ್ನ ಬಿಡು! ನೀನ್ ಬಾ!"

"ಬಿಡ್ಲಾರೆ ಅಕ್ಕಾ," ನೀರಿನ ಸದ್ದಿನ ಮೇಲೆ ಅವನ ದನಿ ಕೇಳಿಸಿತು. "ಇದು ಇನ್ನೂ ತಾಯಿ ಆಲೇ ಕುಡುದಿಲ್ಲ."

ಅತ್ತೆ ಮತ್ತೆ ಕೂಗಲಿಲ್ಲ. ತಾಯಿಯಿಲ್ಲದ ಕೂಸಿಗೆ ಹಾಲಿಗಾಗಿ ಮನೆಮನೆ ತಿರುಗಿದವಳು ಇನ್ನೇನು ತಾನೇ ಹೇಳಿಯಾಳು?

ಹಗ್ಗವನ್ನು ಮತ್ತಿ ಮರಕ್ಕೆ ಎರಡು ಸುತ್ತು ಹಾಕಿ ಎಂಟು ಜನ ಹಿಡಿದರು. ಹರಿವಿಗೆ ಎದುರಾಗಿ ಯಾರೂ ಎಳೆಯಲಿಲ್ಲ. ಅವನು ನೀರಿಗೆ ಬಿದ್ದ ಮೇಲೆ ಹೊಳೆಯೇ ಅವನನ್ನು ಅರ್ಧ ಚಂದ್ರದ ದಾರಿಯಲ್ಲಿ ತೂಗಿ ಈ ದಡಕ್ಕೆ ತಂದಿತು. ನಡುವೆ ಒಮ್ಮೆ ಇಬ್ಬರೂ ಮುಳುಗಿದರು. ನಾನು ಎಣಿ‌ಸುತ್ತಿದ್ದೆ. ಏಳಕ್ಕೆ ಒಂದು ಮೂತಿ ಮೇಲೆ ಬಂತು. ಅದು ಕರುವಿನದು. ಎಂಟಕ್ಕೆ ಇನ್ನೊಂದು.

ದಡದಲ್ಲಿ ಅವನು ಕೆಮ್ಮಿ ನೀರು ಕಾರಿದ. ಮೊದಲ ಮಾತು, "ಕರು ಉಸ್ರಾಡ್ತದಾ?"

ಅತ್ತೆ ಅವನ ಕೆನ್ನೆಗೆ ಒಂದು ಬಿಟ್ಟಳು. ಐವತ್ತು ದಾಟಿದ ಗಂಡಸಿಗೆ, ಊರೆಲ್ಲ ನೋಡುತ್ತಿರುವಾಗ. ಆಮೇಲೆ ಅದೇ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಅವನು ಸುಮ್ಮನೆ ಕೂತು ಅವಳಿಂದ ತಲೆ ಒರೆಸಿಸಿಕೊಂಡ.

ಕರು ಉಸಿರಾಡುತ್ತಿತ್ತು. ಹಸು ಅದನ್ನು ನೆಕ್ಕಿ ನೆಕ್ಕಿ ಒಣಗಿಸಿತು.

ಆಮೇಲೆ ಅವನ ಅಂಗೈ ನೋಡಿದೆವು. ರೇಷ್ಮೆ ಎರಡೂ ಕೈಯನ್ನು ಕೊಯ್ದಿತ್ತು, ಕೆಂಪು ಮಸಿಯಲ್ಲಿ ಗೆರೆ ಎಳೆದ ಹಾಗೆ. ಅತ್ತೆ ಅರಿಸಿನ, ಎಣ್ಣೆ ಹಚ್ಚುವಾಗ ಅವನು ನೆಲದ ಮೇಲೆ ಬಿದ್ದಿದ್ದ ರೇಷ್ಮೆಯ ಎಳೆಯನ್ನು ಎತ್ತಿ, ಕಣ್ಣಿನ ಹತ್ತಿರ ತಂದು ನೋಡಿದ.

"ಇಷ್ಟ್ ಸಣ್ಣದಾ?" ಎಂದ. ಅಷ್ಟೇ.

ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೆ? ಹೋದ ಭಾನುವಾರದಿಂದ ನಮ್ಮೂರಲ್ಲಿ ಒಂದೇ ಚರ್ಚೆ. ಬೊಮ್ಮಯ್ಯನನ್ನು ಉಳಿಸಿದ್ದು ಯಾವುದು? ಇಂಗ್ಲಿಷ್ ರಾಡ್ ಎನ್ನುತ್ತಾರೆ ನನ್ನ ಸ್ಕೂಲಿನವರು. ಕಪಿಲೆಯ ಹಗ್ಗ ಎನ್ನುತ್ತಾನೆ ಹಗ್ಗದ ಯಜಮಾನ. ಡಿಂಡಿಗಲ್ಲಿನ ರೇಷ್ಮೆ ಎನ್ನುವವರಿದ್ದಾರೆ, ಎಕ್ಕ ಎನ್ನುವವರಿದ್ದಾರೆ. ಯಾವ ದಾರ ಒಳ್ಳೆಯದು ಎಂದು ಆರು ತಿಂಗಳು ತಲೆ ಕೆಡಿಸಿಕೊಂಡವನು ನಾನು. ಈಗ ಆ ಪ್ರಶ್ನೆಯೇ ತಪ್ಪೆನಿಸುತ್ತದೆ. ರೇಷ್ಮೆ ಇಪ್ಪತ್ತು ಮಾರು ಹಾರಿತು, ಎಕ್ಕ ಹಾರಲಾರದು. ಎಕ್ಕ ಹಗ್ಗವನ್ನು ಎಳೆಯಿತು, ರೇಷ್ಮೆ ಎಳೆಯಲಾರದು. ಹಗ್ಗ ಮನುಷ್ಯನನ್ನು ಹೊತ್ತಿತು, ಅವೆರಡೂ ಹೊರಲಾರವು. ಯಾವುದು ಯಾವುದರ ಹಿಂದೆ ಹೋಗಬೇಕೆಂದು ತಿಳಿದವಳು ಒಬ್ಬಳು ದಡದಲ್ಲಿ ಇರಬೇಕು. ನಮ್ಮ ಅದೃಷ್ಟ, ಇದ್ದಳು.

(ಮನೆಗಳಲ್ಲಿಯೂ ಹೀಗೇ ಅಲ್ಲವೇ? ಓಡುವವನನ್ನು ಜಗಳಕ್ಕೆ, ಜಗಳಗಂಟನನ್ನು ಸಂಧಾನಕ್ಕೆ ಕಳಿಸಿ ಆಮೇಲೆ ಅವರನ್ನೇ ಬೈಯುತ್ತೇವೆ.)

ಸೋಮವಾರ ಬೆಳಿಗ್ಗೆ ಅತ್ತೆಯ ಜಗಲಿಯ ಮುಂದೆ ಚಿಕ್ಕಪ್ಪ ನಿಂತಿದ್ದ. ಕೈಗೆ ಬಟ್ಟೆ ಸುತ್ತಿತ್ತು. ತೋಳತುಂಬ ಎಕ್ಕದ ಕಡ್ಡಿ.

"ಬೇಲಿ ಸವರ್ದೆ," ಎಂದ ಎಲ್ಲೋ ನೋಡುತ್ತಾ. "ಸುಮ್ಮಾ ಬಿದ್ದಿತ್ತು. ತಂದೆ."

"ಅಲ್ಲಿ ಆಕು," ಎಂದಳು ಅತ್ತೆ, ಅವಳೂ ಎಲ್ಲೋ ನೋಡುತ್ತಾ. "ಗಂಜಿ ಕುಡ್ದು ಓಗು."

ಅವನು ಕೂತು ಗಂಜಿ ಕುಡಿದ. ಹೊಲಕ್ಕೆ ಹೊತ್ತಾಯಿತು ಎನ್ನಲಿಲ್ಲ. ಇದು ನಮ್ಮ ಮನೆಯ ಚರಿತ್ರೆಯಲ್ಲಿ ಮೊದಲ ಸಲ.

ಎಲ್ಲ ಸುಖವಾಯಿತು ಎಂದುಕೊಳ್ಳಬೇಡಿ. ನನಗೊಂದು ನಷ್ಟವಾಗಿದೆ. ನಿನ್ನೆ ಸ್ಕೂಲಿನಿಂದ ಬಂದು ನೋಡಿದರೆ ಮೂಲೆಯಲ್ಲಿ ರಾಡ್ ಇಲ್ಲ. ಹುಡುಕಿಕೊಂಡು ಕೆರೆಗೆ ಹೋದೆ. ಏರಿಯ ಮೇಲೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಅಳಿದುಳಿದ ರೇಷ್ಮೆಯನ್ನು ರೀಲಿಗೆ ಸುತ್ತಿ ಬೀಸುತ್ತಿದ್ದಳು. ಗುಂಡು ಹೋಗಿ ತಾವರೆ ಎಲೆಗಳ ನಡುವಿನ ಅಂಗೈಯಗಲದ ನೀರಿಗೆ ಬಿತ್ತು. ಹಕ್ಕಿಗೂಡಿನ ಸುಳಿವೇ ಇಲ್ಲ. ನನಗೆ ಆರು ತಿಂಗಳು ಹಿಡಿದ ವಿದ್ಯೆ.

"ಯಾರು ಕಲಿಸಿದ್ದು ಅತ್ತೆ?"

"ಇದ್ರಲ್ ಕಲಿಯೋದ್ ಏನದೆ ತಂಬಿ? ಎಲ್ಲಾ ಬೆರಳ್ದೇ ಆಟ." ಐವತ್ತು ವರ್ಷ ನೂಲು ಹೊಸೆದ ಹೆಬ್ಬೆರಳು ಅದು. ಅದರ ಮುಂದೆ ಇಂಗ್ಲಿಷ್ ರೀಲು ಎಷ್ಟರದು?

ರಾಡ್ ವಾಪಸ್ಸು ಕೊಡು ಎಂದು ಎರಡು ಸಲ ಕೇಳಿದೆ. ಎರಡು ಸಲವೂ "ಅಪ್ಪುರಂ" ಎಂದಳು. ತಮಿಳಿನಲ್ಲಿ ಅದಕ್ಕೆ ‘ಆಮೇಲೆ’ ಎಂದರ್ಥ. ನಮ್ಮ ಅತ್ತೆಯ ನಿಘಂಟಿನಲ್ಲಿ ‘ಎಂದೆಂದಿಗೂ ಇಲ್ಲ’ ಎಂಬ ಅರ್ಥವೂ ಇದೆಯೆಂದು ಯಾರಾದರೂ ನನಗೆ ಮೊದಲೇ ಹೇಳಬಾರದಿತ್ತೇ?